ಮುನಿಯಣ್ಣ ಬಿಟ್ಟುಕೊಡದ ಸಹಾಯಧನ

ಮಾರ್ಚ್ ಹದಿನೆಂಟರ ಬೆಳಿಗ್ಗೆ ಹನ್ನೊಂದಕ್ಕೆ, ಕೆಂಗೇರಿ ಕಡೆಯ ಸೊಪ್ಪು ಬೆಳೆಗಾರ ಮುನಿಯಣ್ಣ ಮಗಳು ಸುಮಾಳೊಡನೆ ಠಾಣೆಗೆ ಬಂದು ದೂರು ಕೊಟ್ಟರು. ಸರ್ಕಾರದಿಂದ ಬರುತ್ತಿದ್ದ ರೈತ ಸಹಾಯಧನವನ್ನು ಅವರೇ ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿದ್ದಾರೆಂದು ಕೃಷಿ ಕಚೇರಿಯಲ್ಲಿ ಹೇಳಿದ್ದರಂತೆ.

"ನಾನ್ಯಾಕ್ ಸಾರ್ ಬಿಟ್ಕೊಡ್ಲಿ? ಸುತ್ತಾ ಲೇಔಟ್ ಆಗೋಯ್ತು. ನನ್ನ ಅರ್ಧ ಎಕರೇಲಿ ನಾನು ನಿಂತಿದ್ರೆ, ಸೈಟ್ ನೋಡೋಕ್ ಬಂದೋರು ವಾಚ್‌ಮನ್ನಾ ಅಂತಾರೆ. ರೈತ ಅಂತ ಹೆಸರಿದ್ದಿದ್ದು ಅದೊಂದ್ ಪಟ್ಟೀಲಿ."

ಇನ್ಸ್‌ಪೆಕ್ಟರ್ ಶಿವಯೋಗಿಗೆ ಆ ಮಾತು ನಾಟಿತು. ಗದಗದಿಂದ ವರ್ಗವಾಗಿ ಬಂದು ಚಂದ್ರಾ ಲೇಔಟಿನ ಒಂಟಿ ಕೋಣೆಯಲ್ಲಿದ್ದ ಅವರನ್ನೂ, ಸಮವಸ್ತ್ರ ಕಳಚಿದರೆ ಈ ಊರಿನಲ್ಲಿ ಗುರುತಿಸುವವರಿರಲಿಲ್ಲ. ಬೇರೆಯವರ ಗುರುತು ಬಳಸಿದ ಅಪರಾಧಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಎಫ್‌ಐಆರ್ ದಾಖಲಾಯಿತು.

ವಿಚಿತ್ರವೆಂದರೆ ಯಾರ ಜೇಬಿಗೂ ಒಂದು ರೂಪಾಯಿ ಬಿದ್ದಿರಲಿಲ್ಲ.

"ಬೆಕ್ಕು ಹಾಲು ಚೆಲ್ಲಿದೆ ಸಾರ್, ಕುಡಿದಿಲ್ಲ," ಎಂದಳು ಕಾನ್‌ಸ್ಟೆಬಲ್ ಕಲಾ.

ಬಿಟ್ಟುಕೊಡಲು ಓಟಿಪಿ ಬೇಕು. ಅದು ಹೋಗಿದ್ದು ಮುನಿಯಣ್ಣನ ಫೋನಿಗಲ್ಲ.

"ಯಾರ ನಂಬರ್ ಇದು?" ದಾಖಲೆಯಲ್ಲಿದ್ದ ನಂಬರ್ ತೋರಿಸಿ ಶಿವಯೋಗಿ ಮುನಿಯಣ್ಣನನ್ನು ಕೇಳಿದರು.

"ಸೇವಾ ಕೇಂದ್ರದ ಬಸವಲಿಂಗಪ್ಪೋರ್ದು. ನಾವು ಸಿಮ್ ಬದಲಾಯಿಸ್ತಾನೇ ಇರ್ತೀವಲ್ಲ, ನಮ್ ಕಡೆ ಎಲ್ರಿಗೂ ಅವ್ರದ್ದೇ ಹಾಕವ್ರೆ. ದೇವ್ರಂಥಾ ಮನುಷ್ಯ ಸಾರ್."

ಮನೆಯ ಬೀಗದ ಕೈ ಪಕ್ಕದವರಿಗೆ ಕೊಟ್ಟು ತೋಟಕ್ಕೆ ಹೋಗುವ ಜನ ಓಟಿಪಿಯನ್ನೂ ಹಾಗೆಯೇ ಕೊಟ್ಟಿದ್ದರು. ಇದನ್ನು ದಡ್ಡತನ ಎನ್ನಲು ಶಿವಯೋಗಿಗೆ ಮನಸ್ಸು ಬರಲಿಲ್ಲ.

ಮಧ್ಯಾಹ್ನ ನಾಲ್ಕಕ್ಕೆ ಶಿವಯೋಗಿ ಮತ್ತು ಕಲಾ ಸಾಕ್ಷಿಗೆಂದು ಇಬ್ಬರು ಪಂಚರನ್ನು ಕರೆದುಕೊಂಡು ಸೇವಾ ಕೇಂದ್ರಕ್ಕೆ ಹೋದರು. ಅರವತ್ತು ದಾಟಿದ ಬಸವಲಿಂಗಪ್ಪ ಖಾಲಿ ಬೆಂಚಿನ ಎದುರು ಕೂತಿದ್ದರು. ಕೇಳುತ್ತಲೇ ಫೋನ್ ಮೇಜಿನ ಮೇಲಿಟ್ಟರು. ಓಟಿಪಿಯ ಸಂದೇಶ ಅದರಲ್ಲೇ ಇತ್ತು. ಫೋನು, ಕಂಪ್ಯೂಟರು ವಶಪಡಿಸಿಕೊಂಡು ಪಂಚನಾಮೆ ಮುಗಿಸಿದರು.

"ನಾನೇ ಮಾಡೀನ್ರೀ ಸಾಹೇಬ್ರ."

ಹಾವೇರಿ ಸೀಮೆಯ ಮಾತು. ತಿಂಗಳುಗಳ ಮೇಲೆ ತಮ್ಮ ಕಡೆಯ ದನಿ ಕೇಳಿ ಶಿವಯೋಗಿಯ ಬಾಯಿಯೂ ತಾನಾಗಿ ತಿರುಗಿತು.

"ಯಾಕ ಮಾಡಿದ್ರಿ?"

"ಮೊದಲ, ಸಹಾಯಧನಕ್ಕ ಬೆರಳಚ್ಚು ಕೊಡಾಕ ಬಂದರ ಅದು ಕೂಡತಿರಲಿಲ್ಲ, ಸರ್ವರ್ ಇರತಿರಲಿಲ್ಲ. ಮುನಿಯಣ್ಣ ಇದ ಬೆಂಚಿನ ಮ್ಯಾಲ ಕುಂತು ಮಧ್ಯಾಹ್ನತನಕ ಮಾತಾಡತಿದ್ದ. ಈಗ ಮಗಳು ಮೊಬೈಲಿನ್ಯಾಗ ಅಪ್ಪನ ಮುಖ ತೋರಿಸಿ ಮುಗಿಸಿಬಿಡ್ತಾಳ. ಈ ಕಡೆ ಹಾಯೂದ ಬಿಟ್ಟ."

"ಅದಕ್ಕ?"

"ಕಂತು ನಿಂತರ ಬರತಾನ, ಬಂದ ಮ್ಯಾಲ ಸರಿ ಮಾಡಿದರಾತು ಅಂದುಕೊಂಡೆ. ಒಮ್ಮೆ ಬಿಟ್ಟುಕೊಟ್ಟರ ತಿರುಗಿ ಸೇರಿಸಾಕ ಬರೂದಿಲ್ಲಂತ ಒತ್ತಿದ ಮ್ಯಾಲ ಗೊತ್ತಾತು."

ಮುನಿಯಣ್ಣ ಬಸವಲಿಂಗಪ್ಪನವರ ಬಳಿಗೆ ಬರದೆ ನೇರವಾಗಿ ಕಚೇರಿಗೆ, ಅಲ್ಲಿಂದ ಠಾಣೆಗೆ ಹೋಗಿದ್ದರು.

ಸಂಜೆ ಆರಕ್ಕೆ ದಸ್ತಗಿರಿಯಾಯಿತು. ಬಂಧಿತರ ಕಡೆಯವರೊಬ್ಬರಿಗೆ ತಿಳಿಸಬೇಕೆಂಬುದು ಕಾನೂನು.

"ಯಾರಿಗ್ ಹೇಳ್ಬೇಕು ಸಾರ್? ಮನೆಯೋರು?" ಕಲಾ ಕೇಳಿದಳು.

"ತೀರಿ ಹೋಗ್ಯಾಳವ್ವ, ನಾಕ ವರ್ಷಾತು. ಮಕ್ಕಳಿಲ್ಲ."

"ಸ್ನೇಹಿತರು?"



"ಮುನಿಯಣ್ಣ ಅಂತ ಬರೀರಿ."

ಕಲಾಳ ಪೆನ್ನು ನಿಂತಿತು. "ದೂರು ಕೊಟ್ಟಿರೋದೇ ಅವ್ರು."

"ಗೊತ್ತೈತಿ. ಬ್ಯಾರೆ ಯಾರದಾರ?"

ಶಿವಯೋಗಿಯೇ ಫೋನ್ ಮಾಡಿ ವಿಷಯ ತಿಳಿಸಿದರು. ಯಾಕೆ ಮಾಡಿದರು ಎಂಬುದನ್ನೂ ಮುಚ್ಚಿಡಲಿಲ್ಲ.

"ದೂರು ವಾಪಸ್ ತಗೊಳಲ್ಲ ಸಾರ್," ಎಂದರು ಮುನಿಯಣ್ಣ. "ನನ್ನ ಹೆಸ್ರು ಹೋಯ್ತಲ್ಲ." ಫೋನ್ ಇಡುವ ಮುಂಚೆ, "ಅವ್ರಿಗೆ ಸಕ್ಕರೆ ಕಾಯಿಲೆ ಇದೆ. ಟೈಮಿಗ್ ಸರಿಯಾಗಿ ಊಟ ಕೊಟ್ಬಿಡಿ," ಎಂದರು.

ಶಿವಯೋಗಿ ಎರಡು ಊಟ ತರಿಸಿದರು. ಆರೋಪಿಯ ಜೊತೆ ತನಿಖಾಧಿಕಾರಿ ಕೂತು ಉಣ್ಣುವುದು ಸರಿಯಲ್ಲವೆಂದು, ತಮ್ಮದನ್ನು ತಮ್ಮ ಕೋಣೆಗೆ ಒಯ್ದು ಒಬ್ಬರೇ ಉಂಡರು.