ಗುಂಡ್ಲುಪೇಟೆ ಗ್ಯಾಂಗ್

“ಏನ್ ಬರ್ದವ್ನೆ? ಜೋರಾಗ್ ಓದು ಕಣಮ್ಮಿ,” ಎಂದಳು ಭವ್ಯ, ಗೆಳತಿಯ ಹೆಗಲ ಮೇಲಿಂದ ಕತ್ತು ಚಾಚಿ.

ಶಿವರಂಜನಿ ಓದಲಿಲ್ಲ. ಅವಳ ಮೂಗಿನ ತುದಿ ಕೆಂಪಾಗಿತ್ತು. ಕೊನೆಗೆ ಭವ್ಯಳೇ ಕಂಪ್ಯೂಟರಿಗೆ ಮೂಗು ತಾಗಿಸಿಕೊಂಡು ಓದಿದಳು.

“ಚಿತ್ರ ಚಲೋ ಐತಿ. ಆದ್ರ ಹೂ ಹರಿಯೋರ ಕೈ ಎಲ್ಲಿ ಹೋದ್ವು? ಐದು ಮಂದಿ ಅದಾರ, ಒಬ್ಬರ ಕೈನೂ ಕಾಣವಲ್ದು. ಸಂಗಮೇಶ, ಬಾಗಲಕೋಟೆ.”

ಪಕ್ಕದಲ್ಲಿ ಎರಡೇ ಎರಡು ಸ್ಟಾರ್!

‘ಬಣ್ಣದ ಬುಟ್ಟಿ’ ಅನ್ನುವುದು ಮಕ್ಕಳ ಚಿತ್ರಗಳ ವೆಬ್‌ಸೈಟ್. ಎಲ್ಲೆಲ್ಲಿಯ ಮಕ್ಕಳೋ ಅಲ್ಲಿ ಚಿತ್ರ ಹಾಕುತ್ತಿದ್ದರು, ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ಸ್ಟಾರ್ ಕೊಟ್ಟು ಎರಡು ಮಾತು ಬರೆಯುತ್ತಿದ್ದರು. ಅದನ್ನು ರಂಜನಿಗೆ ತೋರಿಸಿಕೊಟ್ಟವರು ಸೋಮಶೇಖರ್ ಚಿಕ್ಕಪ್ಪ. ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಹತ್ತಿರ ಅವರದೊಂದು ಸೈಬರ್ ಸೆಂಟರ್ ಇತ್ತು. ಶನಿವಾರ ಸ್ಕೂಲು ಬೇಗ ಬಿಡುತ್ತದೆ, ಅವಳ ಹಳ್ಳಿ ಭೀಮನಬೀಡಿಗೆ ಹೋಗುವ ಬಸ್ಸು ಮಾತ್ರ ಬೇಗ ಬರುವುದಿಲ್ಲ. ಅಲ್ಲಿಯವರೆಗೆ ಮೂಲೆಯ ಕಂಪ್ಯೂಟರ್ ರಂಜನಿಯದು. ಉಳಿದವುಗಳ ಮುಂದೆ ಕಾಲೇಜು ಹುಡುಗರು ಆರ್ಕುಟ್ ನೋಡುತ್ತಾ ಕೂತಿರುತ್ತಿದ್ದರು.

ರಂಜನಿ ಹಾಕಿದ್ದು ಅಜ್ಜಿಯ ಚೆಂಡುಹೂವಿನ ಹೊಲದ ಚಿತ್ರ. ಎಷ್ಟು ಹಳದಿ ತಿಕ್ಕಿದ್ದಳೆಂದರೆ ಕ್ರೇಯಾನು ಮುಗಿದು ಚೋಟುದ್ದ ಉಳಿದಿತ್ತು. ಆದರೆ ಕೈ ಬರೆಯುವುದಿದೆಯಲ್ಲ, ಅದರ ಕಷ್ಟ ಬರೆದವರಿಗೇ ಗೊತ್ತು! ಐದು ಬೆರಳು ಬರೆಯಲು ಹೋದರೆ ಬಾಳೆಹಣ್ಣಿನ ಚಿಪ್ಪು ಆಗುತ್ತದೆ. ಅದಕ್ಕೇ ರಂಜನಿ ಜಾಣತನ ಮಾಡಿದ್ದಳು. ಒಬ್ಬಳ ಕೈಯನ್ನು ಬೆನ್ನ ಹಿಂದೆ ಇಟ್ಟಿದ್ದಳು, ಉಳಿದವರ ಕೈಯನ್ನು ಗಿಡದೊಳಗೋ ಹೂ ತುಂಬುವ ಮಂಕರಿಯೊಳಗೋ ತೂರಿಸಿದ್ದಳು. ಡ್ರಾಯಿಂಗ್ ಮೇಷ್ಟ್ರಿಗೇ ಗೊತ್ತಾಗಿರಲಿಲ್ಲ. ಎಲ್ಲೋ ಬಾಗಲಕೋಟೆಯಲ್ಲಿ ಕೂತವನು ಕಂಡುಹಿಡಿದುಬಿಟ್ಟನಲ್ಲ ಅಂತ ಅವಳಿಗೆ ಮೈಯೆಲ್ಲ ಉರಿಯಿತು.

“ಅವ್ನ್ಯಾವ ದೊಡ್ ಮನ್ಸ ಹೇಳಕ್ಕೆ?” ಎಂದಳು ಭವ್ಯ. “ನೀನ್ ಸುಮ್ಕಿರು, ನಾನ್ ನೋಡ್ಕತೀನಿ. ನಮ್ಮಪ್ಪ ಪಂಚಾಯ್ತಿ ಎಲೆಕ್ಷನ್‌ಗೆ ನಿಂತ್ಕಂಡಾಗ ನಮ್ ಬೀದಿಯೋರೆಲ್ಲಾ ಒಟ್ಗೆ ಓಗಿ ಓಟ್ ಆಕ್ಬುಟ್ರು. ಗೆಲ್ಲಲಿಲ್ವಾ?”

ಮುಂದಿನ ಶನಿವಾರ ಚಿಕ್ಕಪ್ಪ ಊಟಕ್ಕೆ ಹೋಗಿದ್ದೇ ತಡ, ಆರನೇ ಕ್ಲಾಸಿನ ಅರ್ಧ ಕ್ಲಾಸು ಸೈಬರ್ ಸೆಂಟರಿನೊಳಗೆ ನುಗ್ಗಿತು. ಭವ್ಯ ಒಬ್ಬೊಬ್ಬರನ್ನೇ ಕೂರಿಸಿ ಐಡಿ ಮಾಡಿಸಿದಳು. ಏನು ಬರೆಯಬೇಕು ಅಂತ ಅವಳೇ ಹೇಳಿಕೊಟ್ಟಳು: ‘ಸೂಪರ್ ಚಿತ್ರ, ಇದೇ ಫಸ್ಟ್.’ ಸ್ಟಾರ್ ಐದು.

“ಇದೇನು ಟೊಮೊಟೊ ತೋಟನಾ?” ಎಂದು ಕೇಳಿದ ಶಿವಮಲ್ಲು.

“ಸುಮ್ಕೆ ಒತ್ತು ಕಣ್ಲಾ!” ಎಂದು ಭವ್ಯ ಗದರಿದಳು. ಅವನು ಒತ್ತಿದ.

ಸ್ಟಾರ್‌ಗಳು ಏರುತ್ತಾ ಹೋದವು. ರಂಜನಿಗೆ ಖುಷಿಯೋ ಖುಷಿ. ಇದು ಸರಿಯಲ್ಲವೇನೋ ಅಂತ ಒಂದು ಸಲ ಅನ್ನಿಸಿಯೂ ಅನ್ನಿಸಿತು, ಆದರೆ ಆ ಗಲಾಟೆಯಲ್ಲಿ ಅದನ್ನು ಯಾರು ಕೇಳುತ್ತಾರೆ!

“ಈಗ ಆ ಬಾಗಲಕೋಟೆಯೋನ ಚಿತ್ರ ತೆಗಿ,” ಎಂದಳು ಭವ್ಯ. “ಒಂದ್ ಸ್ಟಾರ್ ಕೊಟ್ಬುಡು. ಬುದ್ಧಿ ಬರ್ಲಿ ಅವ್ನ್ಗೆ.”

ರಂಜನಿ ತೆಗೆದಳು. ನೆಟ್ ನಿಧಾನ. ಸಂಗಮೇಶನ ಚಿತ್ರ ಮೇಲಿನಿಂದ ಒಂದೊಂದೇ ಗೆರೆಯಾಗಿ ಇಳಿಯುತ್ತಿತ್ತು. ಮೊದಲು ಒಂದು ಚೂರು ಆಕಾಶ ಬಂತು, ಆಮೇಲೆ ಹೆಂಚಿನ ಮಾಡು. ಅಷ್ಟರಲ್ಲಿ ಹೊರಗೆ ಚಿಕ್ಕಪ್ಪನ ಬೈಕ್ ಸದ್ದಾಯಿತು. ರಂಜನಿ ಗಡಿಬಿಡಿಯಲ್ಲಿ ಒಂದು ಸ್ಟಾರ್ ಒತ್ತಿ, ಪುಟ ಮುಚ್ಚಿ ಎದ್ದಳು.

ಅದಾದ ವಾರಕ್ಕೆ ನೋಡಿದರೆ ಅವಳ ಚಿತ್ರದ ಕೆಳಗೆ ಸಂಗಮೇಶ ಕೊಟ್ಟ ಎರಡು ಬಿಟ್ಟರೆ ಒಂದು ಸ್ಟಾರ್ ಕೂಡ ಇರಲಿಲ್ಲ. ಆ ಜಾಗದಲ್ಲಿ, ವೆಬ್‌ಸೈಟ್ ನೋಡಿಕೊಳ್ಳುವ ‘ಬುಟ್ಟಿ ಅಕ್ಕ’ ಹೀಗೆ ಬರೆದಿದ್ದರು: “ಒಂದೇ ಜಾಗದಿಂದ, ಒಂದೇ ಹೊತ್ತಿನಲ್ಲಿ, ಒಂದೇ ಮಾತು ಬರೆದು ಕೊಟ್ಟ ಸ್ಟಾರ್‌ಗಳನ್ನು ತೆಗೆದಿದ್ದೇವೆ. ಇಲ್ಲಿ ಹಾಗೆಲ್ಲ ಮಾಡುವಂತಿಲ್ಲ, ಶಿವರಂಜನಿ.”

ಅದರ ಕೆಳಗೆ ಗೇಲಿ ಮಾಡುವ ಮಕ್ಕಳಿಗೆ ಸುಗ್ಗಿ.

“ಗುಂಡ್ಲುಪೇಟೆ ಗ್ಯಾಂಗ್ ಬಂತು, ಓಡ್ರೋ!”

“ನಮಗೂ ಸ್ವಲ್ಪ ಓಟು ಹಾಕಿಸಮ್ಮ ತಾಯಿ.”

ಇಷ್ಟಕ್ಕೇ ಮುಗಿದಿದ್ದರೆ ಹೇಗೋ ಸಹಿಸಬಹುದಿತ್ತು. ಚಾಮರಾಜನಗರದ ತೇಜಸ್ವಿನಿ ಅಂತ ಒಬ್ಬಳು ಅವತ್ತೇ ಮೊದಲ ಸಲ ಒಂದು ನವಿಲಿನ ಚಿತ್ರ ಹಾಕಿದ್ದಳು. ಪಾಪ, ಅವಳಿಗೆ ಇದೊಂದೂ ಗೊತ್ತಿಲ್ಲ. ಅವಳ ನವಿಲಿನ ಕೆಳಗೂ ಯಾರೋ ಬರೆದಿದ್ದರು: “ಅದೇ ಜಿಲ್ಲೆ. ಇವಳೂ ಗ್ಯಾಂಗಾ?”

ಚಿಕ್ಕಪ್ಪ ಹಿಂದೆ ಬಂದು ನಿಂತಿದ್ದು ರಂಜನಿಗೆ ಗೊತ್ತೇ ಆಗಲಿಲ್ಲ. ಅವರು ಎಲ್ಲವನ್ನೂ ಓದಿದರು.

“ಎಲ್ಲಾ ಒಂದೇ ನೆಟ್‌ನಿಂದ ಹೋದ್ರೆ ಅವ್ರಿಗೆ ಗೊತ್ತಾಗಲ್ವೇನಮ್ಮಿ? ಒಳ್ಳೆ ಕೆಲ್ಸ ಮಾಡ್ದೆ, ಬುಡು,” ಎಂದಷ್ಟೇ ಹೇಳಿ ತಮ್ಮ ಕುರ್ಚಿಗೆ ಹೋದರು. ಅವರು ಬೈದಿದ್ದರೇ ಚೆನ್ನಾಗಿತ್ತು ಅಂತ ರಂಜನಿಗೆ ಅನಿಸಿತು.

ಭಾನುವಾರ ಅವಳು ಅಜ್ಜಿಯ ಜೊತೆ ಹೊಲಕ್ಕೆ ಹೋದಳು. ಹೋದಳು ಅಷ್ಟೆ, ಒಂದು ಹೂವೂ ಕೀಳಲಿಲ್ಲ. ಬದುವಿನ ಮೇಲೆ ಗಲ್ಲಕ್ಕೆ ಕೈ ಕೊಟ್ಟು ಕೂತಳು.

“ಯಾಕಮ್ಮಿ ಮೊಕ ಊದುಸ್ಕಂಡಿದ್ದೀಯೆ?” ಎಂದು ಕೇಳಿದರು ಅಜ್ಜಿ ದೊಡ್ಡಮಲ್ಲಮ್ಮ.

ರಂಜನಿ ಎಲ್ಲವನ್ನೂ ಹೇಳಿದಳು. ಐಡಿ, ಸ್ಟಾರ್, ಬುಟ್ಟಿ ಅಕ್ಕ, ಗ್ಯಾಂಗ್. ಅಜ್ಜಿಗೆ ಅದರಲ್ಲಿ ಮುಕ್ಕಾಲು ಪಾಲು ಅರ್ಥವಾಗಲಿಲ್ಲ.

“ಅದೆಲ್ಲ ಬುಡು. ಆ ಹೈದ ಮೊದ್ಲು ಏನಂದ?”

“ಹೂ ಕೀಳೋರ್ ಕೈ ಎಲ್ಲಿ ಅಂದ.”

“ನೀನ್ ಬರ್ದಿದ್ಯಾ ಕೈಯ?”

“ಇಲ್ಲ.”

“ಮತ್ತೆ ಅವ್ನು ಸುಳ್ ಏಳ್ನಿಲ್ವಲ್ಲ! ಏಳು, ಮಂಕರಿ ತಕ್ಕಬಾ. ಕೇರಳದ ಲಾರಿ ಬರೋ ಒತ್ತಾಯ್ತು.”

ರಂಜನಿಗೆ ಅಜ್ಜಿಯ ಮೇಲೆ ಸಿಟ್ಟು ಬಂತು. ಮಂಕರಿ ತಂದು ದೊಪ್ಪನೆ ಇಟ್ಟಳು.

ಶನಿವಾರ ಭವ್ಯ ಹೊಸ ಉಪಾಯದೊಂದಿಗೆ ಬಂದಳು. “ಬೇರೆ ಐಡಿ ಮಾಡ್ಬುಡು! ಹೆಸ್ರು ರೋಜಾ ಅಂತ ಇಡು, ಊರು ಮೈಸೂರು ಅಂತ ಆಕು. ಯಾರ್ಗ್ ಗೊತ್ತಾಯ್ತದೆ?”

ಒಳ್ಳೆಯ ಉಪಾಯವೇ! ಗ್ಯಾಂಗ್ ಇಲ್ಲ, ಗೇಲಿ ಇಲ್ಲ. ರಂಜನಿ ರೋಜಾ ಎಂದು ಟೈಪ್ ಮಾಡಿದಳು. ಮೈಸೂರು ಎಂದೂ ಮಾಡಿದಳು. “ಬಾ ರೋಜಾ, ನಿನ್ನ ಮೊದಲ ಚಿತ್ರ ಹಾಕು,” ಎಂದಿತು ಕಂಪ್ಯೂಟರ್.

ಏನು ಹಾಕುವುದು? ರೋಜಾಗೆ ಚೆಂಡುಹೂವಿನ ಹೊಲ ಇಲ್ಲ. ಅಜ್ಜಿ ಇಲ್ಲ. ಬಂಡೀಪುರದ ಕಡೆಯಿಂದ ಬರುವ ತಣ್ಣನೆಯ ಗಾಳಿಯಾಗಲಿ, ಹೂವಿನ ಲಾರಿಯಾಗಲಿ ಅವಳಿಗೆ ಗೊತ್ತಿಲ್ಲ. ರಂಜನಿ ಬರೆಯಬೇಕೆಂದುಕೊಂಡ ಯಾವುದೂ ರೋಜಾದಲ್ಲ. ಹಾಕಿದರೂ ದಿನಾ ಸುಳ್ಳು ಹೇಳುತ್ತಾ ಕೂರಬೇಕು.

“ಬ್ಯಾಡ ಕಣೆ,” ಎಂದು ರಂಜನಿ ರೋಜಾಳ ಪುಟ ಮುಚ್ಚಿದಳು. ತನ್ನದೇ ಹೆಸರಿನಿಂದ ಒಳಗೆ ಹೋಗಿ ಸಂಗಮೇಶನ ಚಿತ್ರ ತೆಗೆದಳು. ಈ ಸಲ ಕಾದಳು.

ಹೆಂಚಿನ ಮಾಡು ಇಳಿಯಿತು. ಅದರ ಕೆಳಗೊಂದು ಟೈಲರ್ ಅಂಗಡಿ. ಒಬ್ಬರು ಮಿಷನ್ ಮುಂದೆ ಬಗ್ಗಿ ಕೂತಿದ್ದರು, ಅವರ ಬೆರಳು ಬಟ್ಟೆಯನ್ನು ಸೂಜಿಯತ್ತ ಮೆಲ್ಲಗೆ ನೂಕುತ್ತಿತ್ತು. ಚಿತ್ರ ಇನ್ನೂ ಇಳಿಯಿತು. ಮಿಷನ್ನಿನ ಪಕ್ಕದಲ್ಲಿ ಬಣ್ಣಬಣ್ಣದ ಬಟ್ಟೆ ಚೂರುಗಳ ಗುಡ್ಡೆ. ಅದರ ಮೇಲೆ ಒಂದು ಪುಟ್ಟ ಮಗು ಬಾಯಿ ತೆರೆದು ನಿದ್ದೆ ಹೋಗಿತ್ತು.

“ಅಯ್ಯ, ಎಷ್ಟ್ ಚೆಂದಾಗದೆ!” ಎಂದುಬಿಟ್ಟಳು ಭವ್ಯ.

ರಂಜನಿಗೆ ನಾಚಿಕೆಯಾಯಿತು. ಇಂಥ ಚಿತ್ರದಲ್ಲಿ ಬರೀ ಹೆಂಚು ನೋಡಿ ಒಂದು ಸ್ಟಾರ್ ಕೊಟ್ಟಿದ್ದಳಲ್ಲ! ಕೊಟ್ಟ ಸ್ಟಾರ್ ವಾಪಸ್ ತೆಗೆಯಲು ಆಗುತ್ತಿರಲಿಲ್ಲ. ಅವಳು ಒಂದೊಂದೇ ಅಕ್ಷರ ಒತ್ತಿ ಬರೆದಳು.

“ಸಂಗಮೇಶ, ನಿನಗೆ ಒಂದು ಸ್ಟಾರ್ ಕೊಟ್ಟವಳು ನಾನೇ. ಅವತ್ತು ಚಿತ್ರ ಪೂರ್ತಿ ನೋಡಲೇ ಇಲ್ಲ. ಇವತ್ತು ನೋಡಿದೆ. ಮಲಗಿರುವ ಮಗು ತುಂಬಾ ಇಷ್ಟವಾಯಿತು. ನನಗೆ ಕೈ ಬರೆಯೋಕೆ ಬರಲ್ಲ, ಅದಕ್ಕೇ ಬಚ್ಚಿಟ್ಟೆ. ನೀನು ಹೇಗೆ ಬರೀತೀಯ?”

ಆಮೇಲೆ ತೇಜಸ್ವಿನಿಯ ನವಿಲಿನ ಹತ್ತಿರ ಹೋಗಿ, “ಇವರು ಯಾರೋ ನನಗೆ ಗೊತ್ತಿಲ್ಲ. ಓಟು ಹಾಕಿಸಿದ್ದು ನಾನು. ಇವರನ್ನು ಬೈಬೇಡಿ,” ಎಂದು ಬರೆದಳು.

ಬರೆದ ತಕ್ಷಣ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಮುಂದಿನ ವಾರ ಸಂಗಮೇಶನ ಉತ್ತರ ಇರಲಿಲ್ಲ. “ಗ್ಯಾಂಗ್ ಲೀಡರ್ ಹೊಸ ನಾಟಕ,” ಎಂದು ಇನ್ಯಾರೋ ಬರೆದಿದ್ದರು. ರಂಜನಿಯ ಕಣ್ಣು ತುಂಬಿಬಂತು. ಎದ್ದು ಹೋಗೋಣವೆಂದರೆ ಬಸ್ಸಿಗೆ ಇನ್ನೂ ಹೊತ್ತಿತ್ತು. ಸುಮ್ಮನೆ ಪುಟ ಕೆಳಗೆ ಜಾರಿಸುತ್ತಾ ಹೋದಳು.

ತಳದಲ್ಲಿ ಎಷ್ಟೊಂದು ಚಿತ್ರಗಳು! ಅವುಗಳಿಗೆ ಸ್ಟಾರೂ ಇಲ್ಲ, ಮಾತೂ ಇಲ್ಲ. ಯಾರೂ ಇತ್ತ ಬಂದೇ ಇರಲಿಲ್ಲ ಅಂತ ಕಾಣುತ್ತದೆ. ಒಂದು ಕೋಳಿಯ ಚಿತ್ರವನ್ನು ಅವಳು ತುಂಬಾ ಹೊತ್ತು ನೋಡಿದಳು.

“ಕೋಳಿ ನಿಜವಾಗಲೂ ನಡೀತಿರೋ ಹಾಗಿದೆ,” ಎಂದು ಬರೆದಳು. “ಆದರೆ ನೆರಳು ಎರಡು ಕಡೆ ಬಿದ್ದಿದೆ. ಸೂರ್ಯ ಒಬ್ಬನೇ ಅಲ್ವಾ?”

“ಅವ್ರೆಲ್ಲಾ ನಿಂಗೇನಾಗ್ಬೇಕಮ್ಮಿ?” ಎಂದು ಭವ್ಯ ಆಕಳಿಸಿದಳು. ಎರಡು ಶನಿವಾರ ಹೀಗೇ ಆಕಳಿಸಿದಳು. ಮೂರನೆಯ ಶನಿವಾರ ಅವಳೇ ಕುರ್ಚಿ ಎಳೆದುಕೊಂಡು ಕೂತು, “ಏ ನೋಡಿಲ್ಲಿ, ಈ ಬಸ್ಸಿಗೆ ಡ್ರೈವರೇ ಇಲ್ಲ! ಬರಿ, ಬರಿ!” ಎಂದು ಕೂಗಿದ್ದಕ್ಕೆ ಆರ್ಕುಟ್ ಹುಡುಗರೆಲ್ಲ ತಿರುಗಿ ನೋಡಿದರು.

ಅವತ್ತೇ ಸಂಗಮೇಶನ ಉತ್ತರವೂ ಬಂದಿತ್ತು.

“ನನಗ ಭಾಳ ಸಿಟ್ಟು ಬಂದಿತ್ತು. ಈಗಿಲ್ಲ. ಮಲಗಿದಾಕಿ ನನ್ನ ತಂಗಿ. ಕೈ ಬರಿಯೂ ಮುಂದ ಬೆರಳು ಮೊದಲ ಬರೀಬ್ಯಾಡ. ಮುಷ್ಟಿ ಬರಿ, ಆಮ್ಯಾಲ ಬೆರಳು ಬಿಡಿಸು. ನಾನೂ ಭಾಳ ಸಲ ಕೆಡಿಸೇನಿ.”

ರಂಜನಿ ಅದನ್ನು ಓದಿ ಜೋರಾಗಿ ನಕ್ಕುಬಿಟ್ಟಳು. ಯಾಕೆ ನಗು ಬಂತೋ ಅವಳಿಗೇ ತಿಳಿಯಲಿಲ್ಲ.

ಶನಿವಾರಗಳಂದು ತಳದ ಚಿತ್ರಗಳಿಗೆ ಮಾತು ಬರೆಯುವುದು ನಡೆದೇ ಇತ್ತು. ಉಳಿದ ದಿನಗಳಲ್ಲಿ ಅಜ್ಜಿಯ ಕೈಗೆ ಬಿಡುವೇ ಇರಲಿಲ್ಲ. ಅಜ್ಜಿ ಹೂ ಕಿತ್ತರೆ ರಂಜನಿ ಬದುವಿನ ಮೇಲೆ ಕೂತು ಬರೆಯುವಳು. ಅಜ್ಜಿ ರಾಗಿಮುದ್ದೆ ಕಟ್ಟಿದರೆ ಒಲೆಯ ಪಕ್ಕ ಕೂತು ಬರೆಯುವಳು. ಮುಷ್ಟಿ ಎಷ್ಟೋ ಸಲ ಆಲೂಗಡ್ಡೆಯಾಯಿತು. ಅಳಿಸಿ ಅಳಿಸಿ ಹಾಳೆ ತೂತಾಯಿತು. ಕೊನೆಗೊಂದು ದಿನ ಆಯಿತು! ಹೂವಿನ ಗಿಡದ ನಡುವೆ ಅಜ್ಜಿ, ಅವರ ಎರಡೂ ಕೈ ಮುಂದೆ, ಬೊಗಸೆಯ ತುಂಬ ಹೂವು.

“ನನ್ ಕೈ ಇಷ್ಟ್ ಕರ್ರಗವಾ?” ಎಂದು ಅಜ್ಜಿ ಚಿತ್ರವನ್ನು ದೂರ ಹಿಡಿದು ನೋಡಿದರು.

“ಹೂ ಕಿತ್ತು ಕಿತ್ತು ಹಂಗಾಗವೆ. ನೋಡ್ಕೊ ಬೇಕಾದ್ರೆ.”

ಅಜ್ಜಿ ತಮ್ಮ ಕೈ ತಿರುಗಿಸಿ ನೋಡಿಕೊಂಡರು. “ಊಂ ಕಣ,” ಎಂದು ನಕ್ಕರು.

ಆ ಶನಿವಾರ ರಂಜನಿ ಚಿತ್ರವನ್ನು ಸುರುಳಿ ಸುತ್ತಿ, ಮಡಚಿಹೋಗದಂತೆ ಎದೆಗೆ ಅವಚಿಕೊಂಡು ಸೈಬರ್ ಸೆಂಟರಿಗೆ ಬಂದಳು. ಓಣಂ ಹತ್ತಿರ ಬಂದಿತ್ತು. ರಸ್ತೆ ತುಂಬ ಕೇರಳಕ್ಕೆ ಹೋಗುವ ಹೂವಿನ ಲಾರಿಗಳು, ದಾಟಿ ಬರುವುದೇ ತಡವಾಯಿತು. ಸಾಲದ್ದಕ್ಕೆ ಕರೆಂಟ್ ಹೋಗಿ, ಬರುವಷ್ಟರಲ್ಲಿ ಅರ್ಧ ಹೊತ್ತು ಕಳೆದೇಹೋಯಿತು.

ಕಂಪ್ಯೂಟರ್ ಮತ್ತೆ ಶುರುವಾದಾಗ ಬಣ್ಣದ ಬುಟ್ಟಿಯಲ್ಲಿ ಅವಳ ಹೆಸರಿಗೊಂದು ಮಾತು ಬಂದಿತ್ತು. ಒಂದು ಹೊಸ ಚಿತ್ರದ ಕೆಳಗೆ ಯಾರೋ ಬರೆದಿದ್ದರು:

“ಇದು ನನ್ನ ಫಸ್ಟ್ ಚಿತ್ರ. ಗುಂಡ್ಲುಪೇಟೆ ಶಿವರಂಜನಿ ಅಕ್ಕ ನೋಡಿ ಹೇಳಬೇಕು. ಅವರು ಸುಮ್ಮಸುಮ್ಮನೆ ಹೊಗಳಲ್ಲ, ಸುಮ್ಮಸುಮ್ಮನೆ ಬೈಯಲ್ಲ ಅಂತ ಇಲ್ಲಿ ಎಲ್ಲರೂ ಹೇಳಿದರು. ಇಂಚರ, ಮೂರನೇ ಕ್ಲಾಸು, ಹಾಸನ.”

ರಂಜನಿ ಇನ್ನೊಂದು ಸಲ ಓದಿದಳು. ‘ಎಲ್ಲರೂ’ ಅಂತ ಇತ್ತು. ಅವಳ ಹೆಸರಿನ ಮುಂದೆ ಗುಂಡ್ಲುಪೇಟೆ ಅಂತ ಇತ್ತು, ಗ್ಯಾಂಗ್ ಅಂತ ಎಲ್ಲೂ ಇರಲಿಲ್ಲ. ಅವಳ ಕಿವಿ ಬೆಚ್ಚಗಾಯಿತು.

“ರಂಜು, ಬಸ್ ಬರೋ ಟೈಮಾಯ್ತು,” ಎಂದು ಚಿಕ್ಕಪ್ಪ ಸ್ಕ್ಯಾನರಿನ ಮುಚ್ಚಳ ಎತ್ತಿದರು. “ಹೊಸ ಚಿತ್ರ ತಂದಿದ್ದೀಯಲ್ಲ, ಕೊಡಿಲ್ಲಿ. ಈಗ ಹಾಕುದ್ರೆ ಆಯ್ತು, ಇಲ್ದಿದ್ರೆ ಮುಂದಿನ್ ವಾರನೇ.”

ರಂಜನಿ ತನ್ನ ಸುರುಳಿಯನ್ನು ನೋಡಿದಳು. ಎಷ್ಟು ದಿನದಿಂದ ಕಾದಿದ್ದಳು ಇದನ್ನು ಎಲ್ಲರಿಗೂ ತೋರಿಸಲು! ಆಮೇಲೆ ಪರದೆಯ ಮೇಲಿದ್ದ ಚಿತ್ರವನ್ನು ನೋಡಿದಳು. ಒಂದು ಮನೆ, ಮನೆಗಿಂತ ದೊಡ್ಡದೊಂದು ನಾಯಿ, ನಾಯಿಯ ಮೇಲೆ ಕೊಡೆ ಹಿಡಿದು ಕೂತ ಹುಡುಗಿ.

ಅವಳು ಸುರುಳಿಯನ್ನು ಬ್ಯಾಗಿನೊಳಗೆ ಹುಷಾರಾಗಿ ಇಟ್ಟು, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

“ನಂದು ಮುಂದಿನ್ ವಾರ ಹಾಕನ ಚಿಕ್ಕಪ್ಪ,” ಎಂದಳು. “ಈ ಮಗು ಕಾಯ್ತಾ ಇರ್ತದೆ.”