ಪಕ್ಕಪಕ್ಕ ಒಂದು ವರ್ಷ

ಲಾರಿ ಗೇಟಿನೊಳಗೆ ಬಂದಾಗ ಅವಳು ಹವಾಮಾನ ಕೇಂದ್ರದ ಅಂಗಳದಲ್ಲಿ ಬಿಳಿ ಪೆಟ್ಟಿಗೆಯ ಬಾಗಿಲು ತೆರೆದು ಥರ್ಮಾಮೀಟರ್ ಓದುತ್ತಿದ್ದಳು. ಮೊದಲು ಅಪ್ಪ ಓದುತ್ತಿದ್ದ ಪೆಟ್ಟಿಗೆ ಅದು. ಅವರ ನಂತರ ಅವಳದು.

ಲಾರಿಯ ಹಿಂದೆಯೇ ಕಾರು. ಇಳಿದವನನ್ನು ಕಂಡು ಅವಳ ಕೆನ್ನೆ ರಂಗೇರಿತು. ಮುಖ್ಯ ಕಚೇರಿಯ ವಿಜ್ಞಾನಿ. ಅವಳಿಗೆ ತರಬೇತಿ ಕೊಟ್ಟವನು, 'ಪಾದರಸ' ಎಂದು ಅಡ್ಡಹೆಸರಿಟ್ಟವನು.

"ಏನು ಪಾದರಸ, ನನ್ನ ನೋಡಿದ ತಕ್ಷಣ ಏರಿಬಿಟ್ಟೆ?"

"ಬಿಸಿಲಿಗೆ ಸಾಹೇಬ್ರೇ, ನಿಮಗಲ್ಲ."

ಒಳಗಿನಿಂದ ಚಿಕ್ಕಮ್ಮ ಎಂದಿನಂತೆ ತಮಾಷೆಗೆ ಕೂಗಿದರು: "ಅಳಿಯಂದ್ರು ಬಂದ್ರೇನೇ? ಟೀಗೆ ಸಕ್ಕರೆ ಜಾಸ್ತಿ ಹಾಕ್ಲಾ?"

ಅವನು ನಕ್ಕ. ನಗು ತುಟಿಯಂಚಿನಲ್ಲೇ ನಿಂತುಹೋಯಿತು.

ಲಾರಿಯಿಂದ ಹೊಸ ಯಂತ್ರ ಇಳಿಯಿತು. ತಾನೇ ಓದಿ, ತಾನೇ ಕಚೇರಿಗೆ ಕಳಿಸುವಂಥದ್ದು. ಅವಳಿಗೆ ಖುಷಿಯೇ ಆಯಿತು. "ಇಲ್ಲಿ, ಪಕ್ಕದಲ್ಲೇ ನಿಲ್ಸಿ. ಒಂದು ವರ್ಷ ಎರಡನ್ನೂ ಓದ್ತೀನಿ."

ಲಾರಿಯಲ್ಲಿ ಬಂದಿದ್ದ ಮೆಕ್ಯಾನಿಕ್ ತಲೆ ಕೆರೆದುಕೊಂಡ. "ಹಳೇದನ್ನ ಇವತ್ತೇ ಕಿತ್ಕೊಂಡು ಬಾ ಅಂದಿದಾರಲ್ಲ ಅಕ್ಕಾ, ಸಾಹೇಬ್ರು. ಕೇಂದ್ರಕ್ಕೂ ಬೀಗ ಅಂತೆ."

ಅವಳು ವಿಜ್ಞಾನಿಯತ್ತ ತಿರುಗಿದಳು. ಅವನು ತನ್ನ ಶೂ ನೋಡುತ್ತಿದ್ದ.

"ಕೆಲವು ಕೇಂದ್ರ ಮುಚ್ಚಲೇಬೇಕು ಅಂದ್ರು ಮೇಲಿನವರು. ಯಾವುದು ಅಂತ ಆರಿಸೋದು ನನ್ನ ಪಾಲಿಗೆ ಬಂತು. ಇದನ್ನ ಆರಿಸಿದ್ರೆ ನೀನು ನನ್ನ ಹತ್ರಾನೇ ಬರ್ತೀಯಲ್ಲ ಅಂತ... ಕಚೇರೀಲಿ ನಿನಗೆ ಕೆಲಸ ಇದೆ. ಮದುವೆ ಆಗೋಣ ಕಣೇ."

ಎಷ್ಟು ಕಾಲದಿಂದ ಕಾದಿದ್ದ ಮಾತು! ಅವಳು ಪೆಟ್ಟಿಗೆಯ ಬಾಗಿಲು ಮುಚ್ಚಿದಳು.

"ಹೋದ ವಾರ ಇದೇ ಕಟ್ಟೆ ಮೇಲೆ ಕೂತು ಟೀ ಕುಡಿದ್ರಲ್ಲ, ಆಗ್ಲೇ ಗೊತ್ತಿತ್ತಾ?"

ಅವನು ಹೌದೆಂದು ತಲೆಯಾಡಿಸಿದ.

"ಹೊಸದು ಬಂದ ದಿನಾನೇ ಹಳೇದನ್ನ ಕಿತ್ರೆ, ನಾಳೆ ಊರು ಬಿಸಿಯಾಯ್ತಾ, ಯಂತ್ರ ಬೇರೆ ಥರ ಓದ್ತಾ ಅಂತ ಯಾರಿಗೂ ಗೊತ್ತಾಗಲ್ಲ. ವರ್ಷ ಪಕ್ಕಪಕ್ಕ ಇಟ್ಟು ನೋಡ್ಬೇಕು ಅಂತ ಕಲಿಸಿದ್ದು ಯಾರು?"

"ನಾನೇ."

"ನನ್ನನ್ನೂ ಹಾಗೇ ಕಿತ್ಕೊಂಡು ಹೋಗಕ್ಕೆ ಬಂದ್ರಿ. ಒಂದು ಮಾತು ಕೇಳ್ಬಾರ್ದಿತ್ತಾ?"

ಅವನು ಪೆಟ್ಟಿಗೆಯ ಬಳಿ ಹೋಗಿ ನಿಂತ. ಮೆಕ್ಯಾನಿಕನಿಗೆ ಹೇಳಿದ: "ಹಳೇದನ್ನ ಮುಟ್ಟಬೇಡಪ್ಪ. ವರ್ಷ ಎರಡೂ ಇರ್ಲಿ, ಕೇಂದ್ರಾನೂ. ಮೇಲಿನವರಿಗೆ ನಾನು ಉತ್ತರ ಹೇಳ್ಕೋತೀನಿ." ಆಮೇಲೆ ಮೆಲ್ಲಗೆ, "ಮತ್ತೆ... ನಾನು?"

"ಪೆಟ್ಟಿಗೆಗೆ ವರ್ಷ ಸಿಕ್ತು. ನಿಮಗಿಲ್ಲ, ಸಾಹೇಬ್ರೇ."

ಕಾರು ಗೇಟು ದಾಟುವವರೆಗೂ ಅವಳು ಕಣ್ಣು ಕೀಳಲಿಲ್ಲ. ಚಿಕ್ಕಮ್ಮ ಎರಡು ಲೋಟ ಟೀ ಹಿಡಿದು ಬಂದು, ಖಾಲಿ ರಸ್ತೆಯನ್ನೂ ಅವಳ ಮುಖವನ್ನೂ ನೋಡಿ ಸುಮ್ಮನಾದರು. ಒಂದು ಲೋಟವನ್ನು ಅವಳು ಮೆಕ್ಯಾನಿಕನ ಕೈಗಿತ್ತಳು. ಅಳಿಯಂದಿರಿಗೆಂದು ತಂದದ್ದನ್ನು ತಾನೇ ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು.