ಐದನೇ ಮಹಡಿಗೆ ತಾನಾಗಿ ಬರುತ್ತಿದ್ದ ಲಿಫ್ಟ್

ಅವಳು ಗುಂಡಿ ಒತ್ತಲು ಕೈ ಎತ್ತಿದ್ದಳಷ್ಟೇ. ಇನ್ನೂ ಒತ್ತಿರಲಿಲ್ಲ...

ಲಿಫ್ಟಿನ ಬಾಗಿಲು ತಾನಾಗಿಯೇ ತೆರೆದುಕೊಂಡಿತು!

ಒಳಗೆ ಯಾರೂ ಇಲ್ಲ. ದೀಪ ಒಮ್ಮೆ ಹತ್ತಿ, ಒಮ್ಮೆ ಆರುತ್ತಿತ್ತು. ಮೇಲೆಲ್ಲೋ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು.

‘ಹಾಡಹಗಲೇ ಇದೇನಪ್ಪಾ...’ ಎನ್ನುತ್ತಲೇ ಅವಳು ಕಾಲು ಒಳಗಿಟ್ಟಳು.

"ಬರಬೇಡಿ!"

ಲಿಫ್ಟಿನ ಚಾವಣಿಯಿಂದ ತಲೆಕೆಳಗಾದ ಮುಖವೊಂದು ಇಳಿಯಿತು. ಮುಖವೆಲ್ಲ ಕಪ್ಪು. ಕಣ್ಣೆರಡು ಮಾತ್ರ ಬಿಳಿ!

ಅವಳು ಚೀರಿದಳು. ಕೈಯಲ್ಲಿದ್ದ ಕೇಕಿನ ಡಬ್ಬಿ ನೇರ ಹೋಗಿ ಆ ಮುಖಕ್ಕೇ ಬಡಿಯಿತು.

"ಅಯ್ಯೋ, ನಾನು ಲಿಫ್ಟ್ ರಿಪೇರಿಯವನು ಕಣ್ರೀ!"

ಬೇಕರಿಯಲ್ಲಿ ಕೇಕಿನ ಮೇಲೆ ಕ್ರೀಮಿನ ಹೂ ಬಿಡಿಸುವುದು ಅವಳ ಕೆಲಸ. ಬೆಳಗ್ಗೆ ಬಿಡಿಸಿದ್ದ ಗುಲಾಬಿಗಳೆಲ್ಲ ಈಗ ಅವನ ಹುಬ್ಬಿನ ಮೇಲಿದ್ದವು. ನಾಚಿಕೆಯಿಂದ ಸಾಯುವಂತಾಗಿ, ಮುಖ ತೊಳೆಯಲು ಅವನನ್ನು ಐದನೇ ಮಹಡಿಯ ತನ್ನ ಮನೆಗೇ ಹತ್ತಿಸಿಕೊಂಡು ಬಂದಳು.

ಅಜ್ಜಿ ಟವೆಲ್ ಕೊಡುತ್ತಾ ಕೇಳಿದರು, "ಹೇಗಿದೆಯಪ್ಪಾ ನನ್ನ ಮೊಮ್ಮಗಳ ಕೈಗುಣ?"

"ರುಚಿ ಚೆನ್ನಾಗಿದೆ ಅಜ್ಜಿ. ಏಟು ಸ್ವಲ್ಪ ಜೋರು."

ಅಜ್ಜಿ ನಕ್ಕರು. ಅವಳೂ ನಕ್ಕಳು. ತಾತ ಹೋದ ಮೇಲೆ ಆ ಮನೆಯಲ್ಲಿ ಇಬ್ಬರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು. ಅವಳು ಒಳಗೆ ಟೀ ಮಾಡುವಾಗ ಅಜ್ಜಿ ಅವನೊಡನೆ ಏನೋ ಪಿಸುಗುಟ್ಟುತ್ತಿದ್ದರು.

ಆ ವಾರದಿಂದಲೇ ಅದು ಶುರುವಾಯಿತು...

ಮಧ್ಯಾಹ್ನ ಅವಳು ಕೆಲಸದಿಂದ ಬಂದು ಮನೆಯ ಬಾಗಿಲು ತೆಗೆಯುವಾಗ ಬೆನ್ನ ಹಿಂದೆ ಲಿಫ್ಟ್ ಬಾಯಿ ತೆರೆದುಕೊಂಡೇ ನಿಂತಿರುತ್ತಿತ್ತು. ಯಾರಾದರೂ ಕೆಳಗೆ ಕರೆದರೆ ಹೋಗುತ್ತಿತ್ತು. ಸ್ವಲ್ಪ ಹೊತ್ತಿಗೆ ಖಾಲಿಯಾಗಿ ಮತ್ತೆ ಮೇಲೆ ಬಂದು, ಅವರ ಬಾಗಿಲ ಎದುರೇ ತೆರೆದುಕೊಳ್ಳುತ್ತಿತ್ತು!

ಒಳಗಿಂದ ಒಂದು ವಾಸನೆ. ನೋವಿನ ಮುಲಾಮು... ತಾತ ಮಂಡಿಗೆ ಹಚ್ಚಿಕೊಳ್ಳುತ್ತಿದ್ದದ್ದು!

ಅವಳು ಒಳಗೆ ಅಜ್ಜಿಯ ಬಳಿಗೆ ಓಡಿದಳು.

"ಅಜ್ಜೀ, ಲಿಫ್ಟಲ್ಲಿ ಯಾರೋ ಬರ್ತಿದ್ದಾರೆ..."

ಅಜ್ಜಿ ತಲೆ ಎತ್ತಲಿಲ್ಲ. "ನಿಮ್ಮ ತಾತ ಇರ್ಬೇಕು ಪುಟ್ಟಿ. ಬದುಕಿದ್ದಾಗಲೂ ಹೇಳದೆ ಕೇಳದೆ ಬರ್ತಿದ್ರಲ್ಲ."

ಸುದ್ದಿ ಕಟ್ಟಡವೆಲ್ಲ ಹಬ್ಬಿತು. ನಾಲ್ಕನೇ ಮಹಡಿಯವರು ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡುವುದನ್ನೇ ನಿಲ್ಲಿಸಿದರು. ಚಿಕ್ಕಪ್ಪ ಫೋನ್ ಮಾಡಿದರು. "ಆ ದೆವ್ವದ ಮನೆ ಸಾಕು. ಈ ತಿಂಗಳೇ ಮಾರಿ, ಇಬ್ಬರೂ ನಮ್ಮಲ್ಲಿಗೆ ಬನ್ನಿ."

ತಾತ ಕೂರುತ್ತಿದ್ದ ಕುರ್ಚಿ, ಅವರೇ ಮೊಳೆ ಹೊಡೆದ ಗೋಡೆ... ಇದನ್ನೆಲ್ಲ ಬಿಟ್ಟು ಹೋಗುವುದೇ? ಅವಳಿಗೆ ಅಳು ಬಂತು.

ಅಳುವಾಗಲೇ ಒಂದು ಸಂಶಯ ಕೊರೆಯಿತು. ಅವನು ಬಂದು ಹೋದ ಮೇಲಲ್ಲವೇ ಇದೆಲ್ಲ ಆರಂಭವಾದದ್ದು? ಲಿಫ್ಟ್ ನೋಡುವ ನೆಪದಲ್ಲಿ ಆಮೇಲೂ ಬರುತ್ತಿದ್ದ. ಅವಳು ಎತ್ತಿಟ್ಟ ಮುರುಕಲು ಕೇಕು ತಿನ್ನುತ್ತಿದ್ದ. ಅವನು ಬರುವ ದಿನ ಅವಳು ಎರಡೆರಡು ಸಲ ತಲೆ ಬಾಚುತ್ತಿದ್ದಳು. ಅಂಥವನು...?

ಅವಳು ನೇರವಾಗಿಯೇ ಕೇಳಿದಳು.

"ಲಿಫ್ಟಿಗೆ ಏನೋ ಮಾಡಿದ್ದೀರಾ. ಹೌದೋ ಅಲ್ವೋ?"

ಅವನು ತಲೆ ತಗ್ಗಿಸಿದ. "ಹೌದು. ಯಾಕೆ ಅಂತ ಮಾತ್ರ ಕೇಳ್ಬೇಡಿ."

"ನಮ್ಮನ್ನ ಹೆದರಿಸಿ ಓಡಿಸೋಕೆ ಯಾರು ಹೇಳಿದ್ರು?"

"ಛೆ, ಛೆ! ಹಾಗಲ್ಲ..."

"ಮತ್ತೆ ಹೇಗೆ?"

ಅವನು ಸಾಮಾನಿನ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟ. ಅವಳು ಕಟ್ಟಡದ ಕಾರ್ಯದರ್ಶಿಗೆ ದೂರು ಕೊಟ್ಟಳು. ಅವನನ್ನು ಬೇರೆ ಕಟ್ಟಡಕ್ಕೆ ಹಾಕಿ, ಲಿಫ್ಟನ್ನು ಮೊದಲಿನಂತೆ ಮಾಡಿದರು.

ಭಯ ಹೋಯಿತು. ಆದರೆ ಎದೆಯಲ್ಲೇನೋ ಖಾಲಿ ಖಾಲಿ...

ಮಾರನೆಯ ಮಧ್ಯಾಹ್ನ ಲಿಫ್ಟ್ ಕೆಳಗೇ ಸಿಕ್ಕಿತು. ಹತ್ತಿ ಬಂದು ನೋಡಿದರೆ ಅಜ್ಜಿ ಮನೆಯಲ್ಲಿಲ್ಲ!

ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅಜ್ಜಿ ಹೊಸಿಲು ದಾಟಬಾರದೆಂದು ಅವಳೇ ಕಟ್ಟಪ್ಪಣೆ ಮಾಡಿದ್ದಳು. ಚಪ್ಪಲಿಯೂ ಇರಲಿಲ್ಲ. ‘ತಾತನನ್ನು ಕಳಕೊಂಡದ್ದು ಸಾಲದೇ...’ ಮೆಟ್ಟಿಲಲ್ಲಿ ದಡದಡ ಇಳಿದಳು. ಮೂರನೇ ಮಹಡಿಯ ತಿರುವಿನಲ್ಲಿ ಅದೇ ಮುಲಾಮಿನ ವಾಸನೆ!

ಮೆಟ್ಟಿಲ ಮೇಲೆ ಅಜ್ಜಿ ಕೂತಿದ್ದರು. ಮಂಡಿ ತಿಕ್ಕಿಕೊಳ್ಳುತ್ತಾ, ಕದ್ದು ಸಿಕ್ಕಿಬಿದ್ದ ಮಗುವಿನ ಮುಖ ಮಾಡಿಕೊಂಡು.

"ಅಜ್ಜೀ! ಏನಾಯ್ತು? ಬಿದ್ರಾ?"

"ಬಿದ್ದಿಲ್ಲ ಕಣೇ. ಕೂಗಬೇಡ, ಜನ ಸೇರ್ತಾರೆ."

ಅವಳು ಅಲ್ಲೇ ಕುಸಿದು ಅಜ್ಜಿಯನ್ನು ಅಪ್ಪಿಕೊಂಡಳು. ಹೋದ ಜೀವ ಬಂದಂತಾಯಿತು.

"ಎರಡನೇ ಮಹಡಿ ಟೀಚರಮ್ಮನ ಹತ್ರ ಕೇರಂ ಆಡೋಕೆ ಹೋಗ್ತಿದ್ದೆ," ಅಜ್ಜಿ ಮೆಲ್ಲಗೆ ಬಾಯಿ ಬಿಟ್ಟರು. "ನೀನು ಬರೋದ್ರೊಳಗೆ ವಾಪಸ್. ಲಿಫ್ಟಿಗೆ ಕಾಯ್ತಾ ನಿಂತ್ರೆ ಮಂಡಿ ಹಿಡ್ಕೊಳ್ಳುತ್ತೆ, ನೋಡಿದವರು ನಿಂಗೆ ಚಾಡಿ ಹೇಳ್ತಾರೆ. ಅದಕ್ಕೇ ಆ ಹುಡುಗನ್ನ ಕೇಳ್ದೆ. ಯಾರೂ ಕರೆಯದೆ ಇದ್ದಾಗ ಲಿಫ್ಟ್ ಎಲ್ಲಿ ಹೋಗಿ ನಿಲ್ಲಬೇಕು ಅಂತ ರಿಪೇರಿಯವರೇ ಗೊತ್ತುಮಾಡಿ ಇಡಬಹುದಂತೆ. ಐದನೇ ಮಹಡಿ ಅಂತ ಇಟ್ಟುಕೊಟ್ಟ. ಬಾಗಿಲೂ ತೆರೆದೇ ಇರೋ ಹಾಗೆ. ಇವತ್ತು ಅದು ಇರ್ಲಿಲ್ಲ, ಮೆಟ್ಟಿಲಲ್ಲಿ ಮಂಡಿ ಕೈಕೊಡ್ತು."

"ಮತ್ತೆ ಮುಲಾಮು?"

"ನಿಮ್ಮ ತಾತಂದೇ. ಅರ್ಧ ಡಬ್ಬಿ ಉಳಿದಿತ್ತು. ಎಸೆಯೋಕೆ ಮನಸ್ಸು ಬರ್ಲಿಲ್ಲ."

ಅಳಬೇಕೋ ನಗಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು. ದೆವ್ವಕ್ಕೆ ಹೆದರುವವರು ಮೊದಲು ಮನೆಯವರನ್ನು ಕೂರಿಸಿ ಕೇಳಬೇಕು. ಅರ್ಧ ದೆವ್ವ ಅಲ್ಲೇ ಸಿಗುತ್ತದೆ. ಅಷ್ಟಕ್ಕೂ ಅಜ್ಜಿಯನ್ನು ಮನೆಯೊಳಗೆ ಕಟ್ಟಿಹಾಕಿದವಳು ಅವಳೇ ತಾನೆ?

ಸಂಜೆಯೊಳಗೆ ದೂರು ಹಿಂದಕ್ಕೆ ತೆಗೆದುಕೊಂಡಳು. ಚಿಕ್ಕಪ್ಪನಿಗೆ ಫೋನ್ ಮಾಡಿದಳು. "ದೆವ್ವ ಸಿಕ್ತು ಚಿಕ್ಕಪ್ಪ. ಎರಡು ಕಾಲಿದೆ, ಎರಡೂ ನೋವಂತೆ. ನಾವೆಲ್ಲೂ ಬರಲ್ಲ."

ಮರುದಿನ ಕೇಕಿನ ಡಬ್ಬಿ ಹಿಡಿದು ಅವನಿರುವ ಕಟ್ಟಡ ಹುಡುಕಿಕೊಂಡು ಹೋದಳು. ಲಿಫ್ಟಿನ ಬಾಗಿಲು ತೆರೆದಿತ್ತು. ಮೇಲೆ ಅದೇ ಸದ್ದು.

"ಯಾರದು? ಬರಬೇಡಿ!"

"ಬಂದಾಯ್ತು."

ತಲೆಕೆಳಗಾದ ಮುಖ ಇಣುಕಿತು. ಡಬ್ಬಿ ಕಂಡೊಡನೆ ಅವನು ಎರಡೂ ಕೈ ಅಡ್ಡ ಹಿಡಿದ!

"ಹೊಡೆಯೋಕಲ್ಲ. ತಿನ್ನೋಕೆ," ಎಂದಳು. ಕಣ್ಣು ತುಂಬಿತ್ತು. "ಅಜ್ಜಿ ಎಲ್ಲಾ ಹೇಳಿದ್ರು. ಕ್ಷಮಿಸಿ... ಒಂದು ಮಾತು ಹೇಳಬಾರದಿತ್ತಾ?"

ಅವನು ಕೆಳಗಿಳಿದು ಕೈ ಒರೆಸಿಕೊಂಡ. "ಅಜ್ಜಿಗೆ ಮಾತು ಕೊಟ್ಟಿದ್ದೆ. ಒಬ್ಬರಿಗೆ ಕೊಟ್ಟ ಮಾತು ಮುರಿದು ಇನ್ನೊಬ್ಬರ ಮನಸ್ಸು ಗೆದ್ರೆ, ಅದು ಎಷ್ಟು ದಿನ ಉಳಿಯುತ್ತೆ?"

"ಗೆಲ್ಲೋ ಯೋಚನೆ ಇತ್ತಾ?"

"ಕೇಕ್ ಮುಖಕ್ಕೆ ಬಿದ್ದ ದಿನದಿಂದ."

ಅವಳು ಕತ್ತು ತಗ್ಗಿಸಿ ಡಬ್ಬಿಯ ದಾರ ಬಿಚ್ಚತೊಡಗಿದಳು.

"ಬನ್ನಿ ನಮ್ಮ ಮನೆಗೆ. ಕೇರಂಗೆ ನಾಲ್ಕನೆಯವರು ಬೇಕಂತೆ. ಅಜ್ಜಿ, ಟೀಚರಮ್ಮ ಒಂದು ಜೋಡಿ."

"ನಾನು ಎಲ್ಲಿ ಕೂರಬೇಕು?"

"ಕೇರಂನಲ್ಲಿ ಜೋಡಿ ಎದುರಿಗೆ ಕೂರ್ತಾರಲ್ಲ... ನನ್ನೆದುರಿನ ಜಾಗ ಖಾಲಿ ಇದೆ."

ಅವನು ಅವಳ ಕೈಯಿಂದ ಡಬ್ಬಿ ತೆಗೆದುಕೊಂಡ. "ಎಲ್ಲಿವರೆಗೆ ಆಡಬೇಕು?"

"ಅಜ್ಜಿ ಸೋಲೋವರೆಗೆ."

"ಅಜ್ಜಿ ಸೋಲ್ತಾರಾ?"

ಅವಳು ನಕ್ಕಳು. "ಈ ಜನ್ಮದಲ್ಲಿಲ್ಲ."